ಆರ್44 ಹೆಲಿಕಾಪ್ಟರ್: ತೊಂದರೆ ಕಾಣಿಸಿದ್ದು ಯಾವ ಹಂತದಲ್ಲಿ?

ಟೆಕ್ ಲಾಗ್‌ನಲ್ಲಿ "ವೈಬ್ರೇಶನ್ ಇದೆ" ಅಂತಷ್ಟೇ ಬರೆದು ಪೈಲಟ್ ಹೊರಟುಹೋದರೆ ಎಂಜಿನಿಯರ್ ಎಲ್ಲಿಂದ ಹುಡುಕಬೇಕು? ರೋಟರ್‌ನಲ್ಲಾ, ಬೆಲ್ಟಿನಲ್ಲಾ, ಎಂಜಿನ್ನಿನಲ್ಲಾ? ಅದೇ ಪೈಲಟ್ "ಹೋವರ್‌ನಲ್ಲಿ ಇರಲಿಲ್ಲ, 80 ನಾಟ್ ದಾಟಿದ ಮೇಲೆ ಸೀಟು ಮೇಲೆ ಕೆಳಗೆ ಕುಣಿಯಿತು, ಆರ್‌ಪಿಎಂ 102, ಮ್ಯಾನಿಫೋಲ್ಡ್ ಪ್ರೆಶರ್ 21 ಇಂಚು" ಎಂದು ಬರೆದಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿದಂತೆ. (ಹೋವರ್ ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದು. ಆರ್‌ಪಿಎಂ ಇಲ್ಲಿ ಪ್ರತಿಶತದಲ್ಲಿದೆ. ಮ್ಯಾನಿಫೋಲ್ಡ್ ಪ್ರೆಶರ್ ಅಂದರೆ ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ, ಎಂಜಿನ್ ಎಷ್ಟು ದುಡಿಯುತ್ತಿದೆ ಅನ್ನುವುದರ ಅಳತೆ.)

ಹೆಲಿಕಾಪ್ಟರ್‌ನಲ್ಲಿ ಸ್ಟಾರ್ಟ್‌ನಿಂದ ಶಟ್‌ಡೌನ್‌ವರೆಗೆ ಒಂದೊಂದು ಹಂತದಲ್ಲೂ ಒಂದೊಂದು ಭಾಗದ ಮೇಲೆ ಹೊರೆ ಬೀಳುತ್ತದೆ. ಹಾಗಾಗಿ ಏನಾಯಿತು ಅನ್ನುವುದಕ್ಕಿಂತ ಮೊದಲು ಯಾವಾಗ ಆಯಿತು ಅಂತ ಕೇಳಬೇಕು. ಇಲ್ಲಿ ನಾನು ತೆಗೆದುಕೊಂಡಿರುವುದು ರಾಬಿನ್ಸನ್ ಆರ್44, ಅದರಲ್ಲೂ ಕಾರ್ಬ್ಯುರೇಟರ್ ಇರುವ ರೇವನ್ 1. ಸಣ್ಣ ಯಂತ್ರ, ಎರಡು ಬ್ಲೇಡ್, ಆರು ಸಿಲಿಂಡರಿನ ಲೈಕಮಿಂಗ್ ಪಿಸ್ಟನ್ ಎಂಜಿನ್. ಅಂಕಿಗಳೆಲ್ಲ ಆ ಮಾದರಿಯವು. ನಿಮ್ಮ ಯಂತ್ರದ ಜೊತೆ ಬಂದ ಕೈಪಿಡಿ ಬೇರೆ ಹೇಳಿದರೆ ಅದನ್ನೇ ನಂಬಿ. ರಿಪೇರಿಗೆ ಕೈ ಹಾಕುವುದು ಲೈಸೆನ್ಸ್ ಇರುವ ಎಂಜಿನಿಯರ್ ಕೆಲಸ. ಈ ಬರಹ ತೊಂದರೆಯ ಜಾಗ ಪತ್ತೆ ಹಚ್ಚುವವರೆಗೆ ಮಾತ್ರ.

ಸ್ಟಾರ್ಟ್

ಬಟನ್ ಒತ್ತಿದರೂ ಸ್ಟಾರ್ಟರ್ ತಿರುಗುತ್ತಿಲ್ಲ ಅಂದರೆ ಬ್ಯಾಟರಿಯನ್ನು ಬೈಯುವ ಮುಂಚೆ ರೋಟರ್ ಬ್ರೇಕ್ ನೋಡಿ. ಬ್ರೇಕ್ ಹಾಕಿಯೇ ಇದ್ದರೆ ಸ್ಟಾರ್ಟರ್ ಕೆಲಸ ಮಾಡದ ಹಾಗೆ ಕಟ್ಟಿದ್ದಾರೆ. ಬ್ರೇಕ್ ಬಿಟ್ಟ ಮೇಲೂ ಟಕ್ ಟಕ್ ಸದ್ದು ಮಾತ್ರ ಬಂದರೆ ಆಗ ಬ್ಯಾಟರಿ, ಕೇಬಲ್, ರಿಲೇ ಕಡೆ ಹೋಗಿ.

ಎಂಜಿನ್ ಹತ್ತಿಕೊಂಡ ಕೂಡಲೇ ಕಣ್ಣು ಆಯಿಲ್ ಪ್ರೆಶರ್ ಮೇಲಿರಲಿ. 30 ಸೆಕೆಂಡಿನೊಳಗೆ ಕನಿಷ್ಠ 25 ಪಿಎಸ್‌ಐ ಬರಬೇಕು. ಬರಲಿಲ್ಲವೇ, ಇನ್ನೊಂದು ಹತ್ತು ಸೆಕೆಂಡ್ ನೋಡೋಣ ಅಂತ ಕಾಯಬೇಡಿ, ಆಫ್ ಮಾಡಿ. ಗೇಜ್ ಕೆಟ್ಟಿರಬಹುದು, ನಿಜ. ಆದರೆ ಅದನ್ನು ಎಂಜಿನ್ ನಿಂತಿರುವಾಗಲೇ ಪರೀಕ್ಷಿಸಬಹುದು.

ಕ್ಲಚ್ ಮತ್ತು ಅದರ ದೀಪ

ಆರ್44ರ ಬಗ್ಗೆ ಹೊಸಬರಿಗೆ ಜಾಸ್ತಿ ಗೊಂದಲ ಇರುವುದು ಇಲ್ಲೇ. ಎಂಜಿನ್ನಿನ ಶಕ್ತಿ ರೋಟರ್‌ಗೆ ಹೋಗುವುದು ರಬ್ಬರ್ ವಿ-ಬೆಲ್ಟ್‌ಗಳ ಮೂಲಕ. ಸ್ಟಾರ್ಟ್ ಮಾಡುವಾಗ ಬೆಲ್ಟ್ ಸಡಿಲವಾಗಿರುತ್ತದೆ. ಎಂಜಿನ್ ಆರ್‌ಪಿಎಂ ಅನ್ನು 50ರಿಂದ 60 ಪ್ರತಿಶತಕ್ಕೆ ಇಟ್ಟು ಕ್ಲಚ್ ಸ್ವಿಚ್ ಹಾಕಿದರೆ ಒಂದು ಸಣ್ಣ ಮೋಟರ್ ಮೇಲಿನ ಪುಲ್ಲಿಯನ್ನು ಎತ್ತುತ್ತಾ ಬೆಲ್ಟ್ ಬಿಗಿ ಮಾಡುತ್ತದೆ. ಆ ಮೋಟರ್ ಓಡುತ್ತಿರುವಷ್ಟು ಹೊತ್ತು ಕ್ಲಚ್ ದೀಪ ಉರಿಯುತ್ತದೆ. ಅಂದರೆ ಬೆಲ್ಟ್ ಕೆಟ್ಟಿದೆ ಅಂತಾಗಲಿ, ಚೆನ್ನಾಗಿದೆ ಅಂತಾಗಲಿ ದೀಪ ಹೇಳುವುದಿಲ್ಲ. ಮೋಟರ್ ಓಡುತ್ತಿದೆ ಅಂತ ಹೇಳುತ್ತದೆ, ಅಷ್ಟೇ. ಇದು ತಲೆಯಲ್ಲಿ ಕೂತರೆ ಮಿಕ್ಕ ಲಕ್ಷಣಗಳು ತಾವಾಗಿಯೇ ಅರ್ಥವಾಗುತ್ತವೆ.

ಸ್ವಿಚ್ ಹಾಕಿ 5 ಸೆಕೆಂಡಿನೊಳಗೆ ಬ್ಲೇಡ್ ತಿರುಗಲು ಶುರುವಾಗಬೇಕು. ಆಗಲಿಲ್ಲ ಅಂದರೆ ಬೆಲ್ಟ್ ತೀರಾ ಸಡಿಲ. ಸಡಿಲ ಬೆಲ್ಟ್ ಓಡುವ ಪುಲ್ಲಿಯ ಮೇಲೆ ಚಾಟಿಯ ಹಾಗೆ ಬಡಿದು ಪುಲ್ಲಿಯ ಮೇಲಿನ ತನ್ನ ತೋಡಿನಿಂದ ಜಿಗಿದುಬಿಡಬಹುದು. ಎಂಜಿನ್ ನಿಲ್ಲಿಸಿ, ಬೆಲ್ಟ್ ಎಲ್ಲಾ ಅದರದರ ತೋಡಿನಲ್ಲೇ ಇದೆಯಾ ಅಂತ ನೋಡಿ. ಮೋಟರಿನ ಕೆಳಗಿನ ಮಿತಿಯನ್ನು ಹೊಂದಿಸಬೇಕಾಗುತ್ತದೆ. ಸುಟ್ಟ ರಬ್ಬರ್ ವಾಸನೆ ಬಂದರೂ ಇದೇ ಕಡೆ ಹುಡುಕಿ.

ಬ್ಲೇಡ್ ತಿರುಗಿದ ಮೇಲೆ ದೀಪ ಆರಲು ಎಷ್ಟು ಹೊತ್ತು ಹಿಡಿಯುತ್ತದೆ? ನಿಮ್ಮ ಯಂತ್ರದ ಲೆಕ್ಕ ನಿಮ್ಮ ಬಳಿ ಇರಲಿ. ವಾಚ್ ಹಿಡಿದು ನೋಡಿ, ಬರೆದಿಡಿ. ವಾರದಿಂದ ವಾರಕ್ಕೆ ಆ ಸಮಯ ಉದ್ದವಾಗುತ್ತಾ ಹೋದರೆ ಬೆಲ್ಟ್ ಹಿಗ್ಗುತ್ತಿದೆ. ಹೊಸ ಬೆಲ್ಟ್ ಹಾಕಿದ ಶುರುವಿನಲ್ಲಿ ಇದು ಸಹಜ. ಹಳೆಯ ಬೆಲ್ಟ್ ಇದ್ದಕ್ಕಿದ್ದಂತೆ ಹಿಗ್ಗಿದರೆ ಸಹಜ ಅಲ್ಲ. ದೀಪ ಆರುವ ಮುಂಚೆ ಯಾವ ಕಾರಣಕ್ಕೂ ಟೇಕಾಫ್ ಮಾಡಬಾರದು.

ಹಾರಾಟದಲ್ಲಿ ದೀಪ ಒಂದೆರಡು ಸೆಕೆಂಡ್ ಹತ್ತಿ ಆರಿದರೆ ಗಾಬರಿ ಬೇಡ. ಬಿಸಿಯಾದ ಬೆಲ್ಟ್ ಚೂರು ಹಿಗ್ಗಿದೆ, ಮೋಟರ್ ಮತ್ತೆ ಬಿಗಿ ಮಾಡಿದೆ. ಆದರೆ 10 ಸೆಕೆಂಡ್ ಆದರೂ ಆರದಿದ್ದರೆ ಕ್ಲಚ್ ಸರ್ಕಿಟ್ ಬ್ರೇಕರ್ ಎಳೆದು, ಸುರಕ್ಷಿತ ಜಾಗ ನೋಡಿ ಬೇಗ ಇಳಿಯಿರಿ. ಬ್ರೇಕರ್ ಎಳೆಯುವುದು ಯಾಕೆಂದರೆ ಮೋಟರ್ ನಿಲ್ಲದೆ ಬಿಗಿ ಮಾಡುತ್ತಲೇ ಹೋದರೆ ಇನ್ನೇನಾದರೂ ಮುರಿದೀತು. ದೀಪದ ಜೊತೆಗೆ ವಾಸನೆ, ಸದ್ದು, ನಡುಕ ಬಂದರೆ, ಅಥವಾ ಎಂಜಿನ್ ಮತ್ತು ರೋಟರ್ ಮುಳ್ಳುಗಳು ಬೇರೆ ಬೇರೆ ಓಡಿದರೆ, ಪವರ್ ಇಳಿಸಿ ತಕ್ಷಣ ಇಳಿಯಬೇಕು. ಆಟೊರೊಟೇಶನ್‌ಗೆ (ಎಂಜಿನ್ ಶಕ್ತಿ ಇಲ್ಲದೆ, ಇಳಿಯುವಾಗಿನ ಗಾಳಿಯಿಂದಲೇ ರೋಟರ್ ತಿರುಗಿಸುತ್ತಾ ಇಳಿಯುವುದಕ್ಕೆ) ಮನಸ್ಸು, ಕೈ ಎರಡೂ ತಯಾರಿರಲಿ.

ಇಳಿದ ಮೇಲೆ ಬೆಲ್ಟ್‌ಗಳನ್ನಷ್ಟೇ ನೋಡಿ "ಸರಿಯಾಗಿದೆ" ಅಂದುಬಿಡಬಾರದು. ಮೋಟರ್ ಘಟಕದ ಮೇಲಿನ ಮತ್ತು ಕೆಳಗಿನ ಬೇರಿಂಗ್, ಪುಲ್ಲಿಗಳ ಸಾಲು, ಎರಡನ್ನೂ ನೋಡಬೇಕು. ಬೇರಿಂಗ್ ಸವೆದರೆ ಬೆಲ್ಟ್ ಎಷ್ಟು ಸಲ ಬದಲಾಯಿಸಿದರೂ ದೀಪ ಮಿನುಗುತ್ತಲೇ ಇರುತ್ತದೆ.

ರನ್-ಅಪ್

75 ಪ್ರತಿಶತ ಆರ್‌ಪಿಎಂನಲ್ಲಿ ಕೀಲಿಯನ್ನು ಒಂದು ಮ್ಯಾಗ್ನೆಟೊಗೆ (ಪ್ಲಗ್‌ಗಳಿಗೆ ಕಿಡಿ ಕೊಡುವ ಘಟಕ, ಎಂಜಿನ್ನಿಗೆ ಎರಡು ಇರುತ್ತವೆ) ತಿರುಗಿಸಿದರೆ 2 ಸೆಕೆಂಡಿನಲ್ಲಿ 7 ಪ್ರತಿಶತಕ್ಕಿಂತ ಜಾಸ್ತಿ ಇಳಿಯಬಾರದು. ಎಷ್ಟು ಇಳಿಯಿತು ಅನ್ನುವಷ್ಟೇ ಹೇಗೆ ಇಳಿಯಿತು ಅನ್ನುವುದೂ ಮುಖ್ಯ. ಎಂಜಿನ್ ಒರಟಾಗಿ ಕುಲುಕುತ್ತಾ ಇಳಿದರೆ ಒಂದು ಸಿಲಿಂಡರ್ ಉರಿಯುತ್ತಿಲ್ಲ, ಹೆಚ್ಚಿನ ಸಲ ಪ್ಲಗ್ ಕೊಳೆಯಾಗಿದೆ. ನುಣ್ಣಗೆ, ಆದರೆ ತುಂಬಾ ಇಳಿದರೆ ಟೈಮಿಂಗ್ ತಪ್ಪಿರಬಹುದು. ಒಂದಿಷ್ಟೂ ಇಳಿಯದಿದ್ದರೆ "ಭಲೇ ಎಂಜಿನ್" ಅನ್ನಬೇಡಿ. ಆಫ್ ಆಗಬೇಕಾದ ಮ್ಯಾಗ್ನೆಟೊ ಆಫ್ ಆಗುತ್ತಿಲ್ಲ, ಅದರ ಅರ್ತಿಂಗ್ ತಂತಿ ಬಿಟ್ಟುಹೋಗಿರಬಹುದು. ಅಂಥ ಎಂಜಿನ್ ಕೀಲಿ ಆಫ್ ಇದ್ದರೂ ಜೀವಂತ. ಯಾರಾದರೂ ಕೂಲಿಂಗ್ ಫ್ಯಾನ್ ಹಿಡಿದು ಕೈಯಲ್ಲಿ ತಿರುಗಿಸಿದರೆ ಹತ್ತಿಕೊಳ್ಳಬಹುದು. ಯಂತ್ರದ ಮೇಲೆ ಎಚ್ಚರಿಕೆ ಚೀಟಿ ಕಟ್ಟಿ, ಎಲ್ಲರಿಗೂ ಹೇಳಿ.

ಆರು ಸಿಲಿಂಡರ್, ಹನ್ನೆರಡು ಪ್ಲಗ್. ಯಾವುದು ಸತ್ತಿದೆ ಅಂತ ಎಲ್ಲವನ್ನೂ ಬಿಚ್ಚಬೇಕಿಲ್ಲ. ದೋಷವಿರುವ ಮ್ಯಾಗ್ನೆಟೊ ಮೇಲೆ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ರೋಟರ್ ಪೂರ್ತಿ ನಿಂತ ಮೇಲೆ ಇನ್ಫ್ರಾರೆಡ್ ಥರ್ಮಾಮೀಟರನ್ನು ಒಂದೊಂದೇ ಎಕ್ಸಾಸ್ಟ್ ಪೈಪಿನ ಬುಡಕ್ಕೆ ಹಿಡಿಯಿರಿ. ಐದು ಪೈಪ್ ಕಾದಿರುತ್ತವೆ, ಒಂದು ಎದ್ದು ಕಾಣುವಷ್ಟು ತಣ್ಣಗಿರುತ್ತದೆ. ಅದೇ ಸಿಲಿಂಡರ್. ಪ್ಲಗ್ ತೆಗೆದರೆ ಬೂದು ಬಣ್ಣದ ಸಣ್ಣ ಸೀಸದ ಗುಂಡುಗಳು ಕಂಡರೆ ಏವಿಯೇಶನ್ ಪೆಟ್ರೋಲಿನ ಸೀಸ ಕೂತಿದೆ. ಕಪ್ಪಗೆ, ಒದ್ದೆಯಾಗಿದ್ದರೆ ಆಯಿಲ್. ಮೊದಲನೆಯದಕ್ಕೆ ಶುಚಿ ಮಾಡಿದರೆ ಸಾಕು. ಎರಡನೆಯದಕ್ಕೆ ಸಿಲಿಂಡರ್ ಒಳಗೇ ನೋಡಬೇಕು.

ಆಮೇಲೆ ಸ್ಪ್ರ್ಯಾಗ್ ಕ್ಲಚ್ (ಎಂಜಿನ್ ನಿಧಾನವಾದರೂ ರೋಟರ್ ತನ್ನಷ್ಟಕ್ಕೆ ತಿರುಗಲು ಬಿಡುವ ಒಮ್ಮುಖ ಕ್ಲಚ್) ಪರೀಕ್ಷೆ. 75ರಿಂದ ಥ್ರಾಟಲ್ ಮುಚ್ಚಿದರೆ ಎಂಜಿನ್ ಮುಳ್ಳು ಬೇಗ ಬೀಳಬೇಕು, ರೋಟರ್ ಮುಳ್ಳು ಹಿಂದೆ ನಿಧಾನವಾಗಿ ಬರಬೇಕು. ಎರಡೂ ಒಟ್ಟಿಗೇ ಇಳಿದರೆ ಎಂಜಿನ್ ನಿಂತಾಗ ರೋಟರನ್ನೂ ಎಳೆದು ನಿಲ್ಲಿಸುತ್ತದೆ ಅಂತ ಅರ್ಥ. ಆಟೊರೊಟೇಶನ್ನೇ ಇಲ್ಲ. ಇದರಲ್ಲಿ "ಇವತ್ತು ಒಂದು ಸಾರಿ ಹಾರಿ ಬರೋಣ" ಅನ್ನುವ ಮಾತೇ ಬರಬಾರದು.

ಹೈಡ್ರಾಲಿಕ್ ಸ್ವಿಚ್ ಆಫ್ ಮಾಡಿದಾಗ ಸೈಕ್ಲಿಕ್ (ಯಂತ್ರವನ್ನು ಬೇಕಾದ ದಿಕ್ಕಿಗೆ ವಾಲಿಸುವ ಕೈಕೋಲು) ಗಟ್ಟಿಯಾಗಬೇಕು, ಆನ್ ಮಾಡಿದಾಗ ಹಗುರಾಗಬೇಕು. ಆರ್‌ಪಿಎಂ ಇಳಿಸಿದರೆ 97 ಪ್ರತಿಶತದಲ್ಲಿ ಲೋ-ಆರ್‌ಪಿಎಂ ಹಾರ್ನ್ ಮತ್ತು ದೀಪ ಬರಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ನೆಲದಲ್ಲೇ ನಿಲ್ಲಿ.

ಗವರ್ನರ್ (ಥ್ರಾಟಲನ್ನು ತಾನೇ ತಿರುಗಿಸಿ ಆರ್‌ಪಿಎಂ ಕಾಯುವ ಸಾಧನ) ಆನ್ ಆದ ಮೇಲೆ ಆರ್‌ಪಿಎಂ 101-102ರಲ್ಲಿ ನಿಲ್ಲಬೇಕು. ಮುಳ್ಳು ಮೇಲೆ ಕೆಳಗೆ ಆಡುತ್ತಿದ್ದರೆ ಗವರ್ನರ್ ಆಫ್ ಮಾಡಿ ಕೈಯಲ್ಲೇ ಥ್ರಾಟಲ್ ಹಿಡಿದು ನೋಡಿ. ಆಟ ನಿಂತಿತಾ? ದೋಷ ಗವರ್ನರಿನಲ್ಲಿದೆ. ನಿಲ್ಲಲಿಲ್ಲವಾ? ಎಂಜಿನ್ ಕಡೆ ಹೋಗಿ. ಇಷ್ಟು ಸುಲಭವಾಗಿ ಎರಡು ವ್ಯವಸ್ಥೆಗಳನ್ನು ಬೇರ್ಪಡಿಸುವ ಪರೀಕ್ಷೆ ಈ ಯಂತ್ರದಲ್ಲಿ ಬೇರೊಂದಿಲ್ಲ. ನೆನಪಿರಲಿ, 80 ಪ್ರತಿಶತಕ್ಕಿಂತ ಕೆಳಗೆ ಗವರ್ನರ್ ಕೆಲಸವನ್ನೇ ಮಾಡುವುದಿಲ್ಲ. ಅಲ್ಲಿ ಅದನ್ನು ದೂರಬೇಡಿ.

ಹೋವರ್ ಮತ್ತು ಟೇಕಾಫ್

"ಎಂಜಿನ್ನಿಗೆ ಕಸುವಿಲ್ಲ" ಅನ್ನುವ ದೂರು ಬೇಸಿಗೆಯಲ್ಲಿ ಜಾಸ್ತಿ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಆ ಎತ್ತರಕ್ಕೆ ಮಾನಕ ತಾಪಮಾನ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ 26 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿಯಂತೆ ಕೂಡಿದರೆ ರೋಟರ್ 6,100 ಅಡಿ ಎತ್ತರದ ತೆಳು ಗಾಳಿಯಲ್ಲಿ ತಿರುಗುತ್ತಿದೆ. ಬೆಳಗ್ಗೆ ನಾಲ್ಕು ಜನರನ್ನು ಎತ್ತಿದ ಯಂತ್ರ ಮಧ್ಯಾಹ್ನ ಎತ್ತದಿದ್ದರೆ ಎಂಜಿನ್ ಬಿಚ್ಚುವ ಮುಂಚೆ ಈ ಲೆಕ್ಕ ಹಾಕಿ, ತೂಕ ನೋಡಿ. ಅದೇ ತೂಕ, ಅದೇ ತಾಪಮಾನದಲ್ಲಿ ಮೊದಲಿಗಿಂತ ಜಾಸ್ತಿ ಮ್ಯಾನಿಫೋಲ್ಡ್ ಪ್ರೆಶರ್ ಬೇಕಾಗುತ್ತಿದೆ ಅಂದರೆ ಆಗ ದೂರಿನಲ್ಲಿ ನಿಜವಿದೆ. ಏರ್ ಫಿಲ್ಟರ್‌ನಿಂದ ಶುರು ಮಾಡಿ. ನಮ್ಮ ಕೆಂಪು ಧೂಳಿನಲ್ಲಿ ಇಳಿದು ಏರಿದ ಫಿಲ್ಟರ್ ಎಷ್ಟು ಬೇಗ ಕಟ್ಟಿಕೊಳ್ಳುತ್ತದೆ ಅಂತ ಒಮ್ಮೆ ತೆಗೆದು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ.

ಹೋವರ್‌ನಲ್ಲಿ ಹಾರ್ನ್ ಬಂದರೆ ಕಾರಣ ಹುಡುಕುವುದು ಆಮೇಲೆ. ಥ್ರಾಟಲನ್ನು ತೆರೆಯುವ ಕಡೆಗೆ ತಿರುಗಿಸುತ್ತಾ ಕಲೆಕ್ಟಿವ್ (ಯಂತ್ರವನ್ನು ಏರಿಸಿ ಇಳಿಸುವ ಲಿವರ್) ಇಳಿಸಿ. ಮೇಲೆತ್ತಿದರೆ ಆರ್‌ಪಿಎಂ ಇನ್ನೂ ಬೀಳುತ್ತದೆ.

ಇನ್ನು ನಡುಕ. ಮುಖ್ಯ ರೋಟರ್ 102 ಪ್ರತಿಶತದಲ್ಲಿ ನಿಮಿಷಕ್ಕೆ 408 ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 7. ನಡುಕವನ್ನು ಕಷ್ಟಪಟ್ಟು ಎಣಿಸಬಹುದು ಅನ್ನಿಸಿದರೆ ಅದು ಮುಖ್ಯ ರೋಟರಿನದು. ಹೋವರ್‌ನಲ್ಲೇ ಅಕ್ಕಪಕ್ಕ ತೂಗಿದರೆ ಬ್ಯಾಲೆನ್ಸ್ ತಪ್ಪಿದೆ. ವೇಗ ಏರಿದಂತೆ ಮೇಲೆ ಕೆಳಗೆ ಕುಣಿತ ಜಾಸ್ತಿಯಾದರೆ ಟ್ರ್ಯಾಕ್ ತಪ್ಪಿದೆ, ಒಂದು ಬ್ಲೇಡ್ ಇನ್ನೊಂದಕ್ಕಿಂತ ಮೇಲೆ ಹಾರುತ್ತಿದೆ. ಟೇಲ್ ರೋಟರ್ ಸೆಕೆಂಡಿಗೆ 40ರ ಆಸುಪಾಸು ಸುತ್ತುತ್ತದೆ. ಅದರ ದೋಷ ಪೆಡಲ್ ಮೇಲಿನ ಪಾದಕ್ಕೆ ಜುಮ್ ಜುಮ್ ಅಂತ ತಿಳಿಯುತ್ತದೆ. ಅಂಥ ಜುಮ್ ಹೊಸದಾಗಿ ಶುರುವಾದರೆ ಇಳಿಯಿರಿ. ಟೇಲ್ ರೋಟರ್ ವಿಷಯದಲ್ಲಿ ಮನೆಯವರೆಗೆ ಹೋಗೋಣ ಅನ್ನುವ ಲೆಕ್ಕಾಚಾರ ಬೇಡವೇ ಬೇಡ. ಟೇಕಾಫ್ ಆಗಿ ಮುಂದೆ ಸರಿಯುವಾಗ 10ರಿಂದ 20 ನಾಟ್ ನಡುವೆ ಬರುವ ಗಡಗಡ ಮಾತ್ರ ಎಲ್ಲಾ ಯಂತ್ರಗಳಲ್ಲೂ ಇದೆ. ಅದನ್ನು ಬರೆಯಬೇಕಿಲ್ಲ.

ಹಾರಾಟ, ಇಳಿಕೆ ಮತ್ತು ಕಣ್ಣಿಗೆ ಬೀಳದ ಮಂಜುಗಡ್ಡೆ

ಎಂಜಿನ್ ಇದ್ದಕ್ಕಿದ್ದಂತೆ ಒರಟಾಯಿತು, ಪೈಲಟ್ ಇಳಿಸಿದ, ಎಂಜಿನಿಯರ್ ಬಂದು ಎಲ್ಲಾ ನೋಡಿದ, ಏನೂ ಸಿಗಲಿಲ್ಲ. ಈ ಕಥೆ ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು ಆ ಹೊತ್ತಿನ ತಾಪಮಾನ ಮತ್ತು ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ತಾಪ). ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಆವಿಯಾಗುವಾಗ, ಗಾಳಿ ಕಿರಿದಾದ ಜಾಗದಲ್ಲಿ ನುಗ್ಗುವಾಗ ತಾಪ 20 ಡಿಗ್ರಿಗೂ ಜಾಸ್ತಿ ಕುಸಿಯಬಲ್ಲದು. ಗಾಳಿಯಲ್ಲಿ ತೇವ ಇದ್ದರೆ ಥ್ರಾಟಲ್ ತಟ್ಟೆಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಇಳಿದು ನಿಂತು ಎಂಜಿನಿಯರ್ ಬರುವಷ್ಟರಲ್ಲಿ ಎಂಜಿನ್ನಿನ ಬಿಸಿಗೆ ಅದು ಕರಗಿರುತ್ತದೆ. ಸಾಕ್ಷಿಯೇ ಇಲ್ಲ.

"ನಮ್ಮೂರಲ್ಲಿ ಎಲ್ಲಿಯ ಮಂಜುಗಡ್ಡೆ?" ಅಂತ ಕೇಳುವವರಿದ್ದಾರೆ. ಕೈಪಿಡಿಯ ಪ್ರಕಾರ ಹೊರಗಿನ ತಾಪ ಮೈನಸ್ 4ರಿಂದ 30 ಡಿಗ್ರಿ ನಡುವೆ ಇದ್ದು, ಡ್ಯೂ ಪಾಯಿಂಟ್ ಅದಕ್ಕಿಂತ 11 ಡಿಗ್ರಿಯೊಳಗೆ ಇದ್ದರೆ ಅಪಾಯವಿದೆ. ಆಗಸ್ಟ್ ಬೆಳಗ್ಗೆ ಬೆಂಗಳೂರಿನಲ್ಲಿ 20 ಡಿಗ್ರಿ, ಡ್ಯೂ ಪಾಯಿಂಟ್ 18 ಅನ್ನುವುದು ಮಾಮೂಲಿ ಹವಾಮಾನ. ಮಡಿಕೇರಿ, ಚಿಕ್ಕಮಗಳೂರು ಕಡೆ ಮಳೆಗಾಲವಿಡೀ ಹೀಗೇ. ಅಂದರೆ ವರ್ಷದ ಬಹಳಷ್ಟು ಬೆಳಗುಗಳು ಈ ಲೆಕ್ಕದೊಳಗೇ ಬರುತ್ತವೆ.

ಈ ಯಂತ್ರದಲ್ಲಿ ಇದು ಯಾಕೆ ಇನ್ನೂ ಮೋಸದ್ದು? ಎರಡು ಕಾರಣ. ಎಂಜಿನ್ 260 ಅಶ್ವಶಕ್ತಿ ಕೊಡಬಲ್ಲದು, ಆದರೆ ಅದನ್ನು ಟೇಕಾಫ್‌ಗೆ 5 ನಿಮಿಷ 225ಕ್ಕೆ, ಆಮೇಲೆ 205ಕ್ಕೆ ಮಿತಿ ಮಾಡಿದ್ದಾರೆ. ಹಾಗಾಗಿ ಥ್ರಾಟಲ್ ಯಾವಾಗಲೂ ಅರೆಮುಚ್ಚಿಯೇ ಇರುತ್ತದೆ. ಮಂಜುಗಡ್ಡೆಗೆ ಬೇಕಾದ್ದೂ ಅದೇ. ಎರಡನೆಯದು ಗವರ್ನರ್. ಗಡ್ಡೆ ಕಟ್ಟಿ ಗಾಳಿಯ ದಾರಿ ಕಿರಿದಾದಂತೆ ಗವರ್ನರ್ ಸದ್ದಿಲ್ಲದೆ ಥ್ರಾಟಲ್ ತೆರೆಯುತ್ತಾ ಆರ್‌ಪಿಎಂ ಕಾಯುತ್ತದೆ. ಮುಳ್ಳು 102ರಲ್ಲೇ, ಪೈಲಟ್ ನಿಶ್ಚಿಂತೆ. ಥ್ರಾಟಲ್ ಪೂರ್ತಿ ತೆರೆದು ಇನ್ನು ತೆರೆಯಲು ಜಾಗವಿಲ್ಲ ಅಂದಾಗ ಆರ್‌ಪಿಎಂ ಒಮ್ಮೆಗೇ ಬೀಳುತ್ತದೆ. ರಾಬಿನ್ಸನ್ ಕಂಪನಿ ತನ್ನ 31ನೇ ಸುರಕ್ಷತಾ ಸೂಚನೆಯನ್ನು ಇದಕ್ಕೆಂದೇ ಬರೆದಿದೆ.

ಹಾಗಾದರೆ ಮುಂಚೆಯೇ ಗೊತ್ತಾಗುವುದು ಹೇಗೆ? ಕೈಯಿಂದ. ಕಲೆಕ್ಟಿವ್ ಅಲುಗಾಡಿಸಿಲ್ಲ, ಆದರೂ ಥ್ರಾಟಲ್ ಹಿಡಿ ನಿಮ್ಮ ಅಂಗೈಯೊಳಗೆ ತಾನೇ ತೆರೆಯುವ ಕಡೆಗೆ ನಿಧಾನಕ್ಕೆ ತಿರುಗುತ್ತಿದೆ ಅನ್ನಿಸಿದರೆ ಕಾರ್ಬ್ ಹೀಟ್ (ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡುವ ಗುಂಡಿ) ಎಳೆಯಿರಿ. ಹಿಡಿಯನ್ನು ಬಿಗಿಯಾಗಿ ಹಿಡಿದವರಿಗೆ ಇದು ತಿಳಿಯುವುದಿಲ್ಲ, ಗವರ್ನರಿನ ಕೈಯನ್ನೂ ಕಟ್ಟಿಹಾಕಿದಂತಾಗುತ್ತದೆ. ಹೀಟ್ ಎಳೆದ ಕೂಡಲೇ ಎಂಜಿನ್ ಇನ್ನಷ್ಟು ಒರಟಾದರೆ ಹೆದರಿ ವಾಪಸ್ ತಳ್ಳಬೇಡಿ. ಕರಗಿದ ನೀರು ಒಳಗೆ ಹೋಗುತ್ತಿದೆ. ಸ್ವಲ್ಪ ಹೊತ್ತಿನಲ್ಲಿ ನುಣ್ಣಗಾದರೆ ರೋಗ ಇದೇ. ಹೀಟ್‌ನಿಂದ ಏನೂ ಬದಲಾಗಲಿಲ್ಲವಾದರೆ ಪೆಟ್ರೋಲಿನಲ್ಲಿ ನೀರು ಅಥವಾ ಮ್ಯಾಗ್ನೆಟೊ ಮೇಲೆ ಅನುಮಾನ. ಅದನ್ನು ಇಳಿದು ನೋಡಿ. ಆಕಾಶದಲ್ಲಿ ಕೀಲಿ ತಿರುಗಿಸಿ ಪರೀಕ್ಷೆ ಮಾಡಬೇಡಿ.

ಹಾರಾಟದಲ್ಲಿ ಕಾರ್ಬ್ಯುರೇಟರ್ ತಾಪದ ಮುಳ್ಳು ಹಳದಿ ಪಟ್ಟಿಯ ಹೊರಗಿರಲಿ, ಅಂದರೆ ಮೈನಸ್ 15ರಿಂದ 5 ಡಿಗ್ರಿ ನಡುವೆ ಬರದಿರಲಿ. ಇಳಿಕೆಯಲ್ಲಿ ಮ್ಯಾನಿಫೋಲ್ಡ್ ಪ್ರೆಶರ್ 18 ಇಂಚಿಗಿಂತ ಕೆಳಗೆ ಹೋದರೆ ಆ ಗೇಜ್ ಏನೇ ತೋರಿಸಲಿ, ಪೂರ್ತಿ ಹೀಟ್ ಹಾಕಿ.

ಬೇರೆ ದೀಪಗಳ ಬಗ್ಗೆ ಚುಟುಕಾಗಿ. ಗೇರ್‌ಬಾಕ್ಸ್ ಚಿಪ್ ದೀಪ (ಆಯಿಲಿನಲ್ಲಿ ಲೋಹದ ಚೂರು ಸೇರಿದೆ ಅಂತ ಹೇಳುವುದು) ಒಂದೇ ಬಂದರೆ ಬೇಗ ಇಳಿಯಿರಿ, ಜೊತೆಗೆ ಸದ್ದು, ನಡುಕ ಅಥವಾ ಬಿಸಿ ಇದ್ದರೆ ತಕ್ಷಣ. ಆ ಚೂರು ಹಿಡಿಯುವ ಚಿಪ್ ಪ್ಲಗ್ ಬಿಚ್ಚಿದಾಗ ಸಿಗುವುದು ಬರೀ ಬೂದಿಯಂಥ ಪುಡಿಯಾದರೆ ಹೊಸ ಗೇರಿನ ಸವಕಳಿ. ಚೂರು, ಸಿಬಿರು ಸಿಕ್ಕರೆ ಯಂತ್ರ ನಿಲ್ಲಿಸಿ. ಕಂಟ್ರೋಲ್ ಗಟ್ಟಿಯಾದರೆ ಹೈಡ್ರಾಲಿಕ್ ಸ್ವಿಚ್ ಆನ್ ಇದೆಯಾ ನೋಡಿ, ಇದ್ದೂ ಗಟ್ಟಿಯಾಗಿದ್ದರೆ ಆಫ್ ಮಾಡಿ ಇಳಿಯಲು ಹೊರಡಿ. ಲೋ-ಫ್ಯೂಯೆಲ್ ದೀಪ ಬಂದರೆ ಸುಮಾರು 10 ನಿಮಿಷದ ಪೆಟ್ರೋಲ್ ಉಳಿದಿದೆ.

ಲ್ಯಾಂಡಿಂಗ್

"ಪವರ್ ಕೊಟ್ಟರೂ ಕುಸಿಯಿತು" ಅಂತ ಬರೆದಿದ್ದರೆ ವೇಗ ಮತ್ತು ಇಳಿಕೆಯ ದರ ಕೇಳಿ. 30 ನಾಟ್‌ಗಿಂತ ಕಡಿಮೆ ವೇಗದಲ್ಲಿ, ನಿಮಿಷಕ್ಕೆ 300 ಅಡಿಗಿಂತ ಜೋರಾಗಿ, ಪವರ್ ಇಟ್ಟುಕೊಂಡೇ ಇಳಿಯುತ್ತಿದ್ದರೆ ರೋಟರ್ ತಾನೇ ತಳ್ಳಿದ ಗಾಳಿಯೊಳಗೆ ಮುಳುಗಿದೆ. ಯಂತ್ರದಲ್ಲಿ ದೋಷವಿಲ್ಲ. ಎತ್ತರ ಇದ್ದರೆ ಕಲೆಕ್ಟಿವ್ ಇಳಿಸಿ, ಮೂಗು ಮುಂದೆ ಮಾಡಿ ಹೊರಬರಬೇಕು.

ನೆಲ ಮುಟ್ಟಿದ ಮೇಲೆ ಯಂತ್ರ ಓಲಾಡಿದರೆ ಗ್ರೌಂಡ್ ರೆಸೊನೆನ್ಸ್ (ನೆಲದ ಮೇಲೆ ರೋಟರ್ ಮತ್ತು ಯಂತ್ರದ ಓಲಾಟ ಒಂದನ್ನೊಂದು ಹೆಚ್ಚಿಸುತ್ತಾ ಹೋಗುವುದು) ಅಂತ ಬರೆಯುವ ರೂಢಿ ಇದೆ. ಅದು ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಚೇತಕ್‌ನಂಥ ಮೂರು ಬ್ಲೇಡಿನ ಯಂತ್ರಗಳ ಸಮಸ್ಯೆ. ಅವುಗಳ ಬ್ಲೇಡ್ ಹಿಂದೆ ಮುಂದೆ ಸರಿಯಬಲ್ಲದು. ಆರ್44ರಲ್ಲಿ ಅಂಥ ಕೀಲು ಇಲ್ಲ. ಇಲ್ಲಿ ಓಲಾಡಿದರೆ ಸ್ಕಿಡ್ ಕೆಳಗಿನ ನೆಲ, ಸ್ಕಿಡ್ ಜೋಡಣೆ, ರೋಟರ್ ಬ್ಯಾಲೆನ್ಸ್ ನೋಡಿ.

ಶಟ್‌ಡೌನ್

ಕಲೆಕ್ಟಿವ್ ಕೆಳಗೆ, ಆರ್‌ಪಿಎಂ 60-70. ಸಿಲಿಂಡರ್ ತಾಪ ಇಳಿಯುವವರೆಗೆ ಕಾದು ಥ್ರಾಟಲ್ ಮುಚ್ಚಿ, ಕ್ಲಚ್ ಬಿಡಿಸಿ. 30 ಸೆಕೆಂಡ್ ಆದ ಮೇಲೆ ಮಿಕ್ಸ್ಚರ್ (ಎಂಜಿನ್ನಿಗೆ ಹೋಗುವ ಪೆಟ್ರೋಲ್ ನಿಲ್ಲಿಸುವ ಗುಂಡಿ) ಎಳೆಯಿರಿ. ಎಂಜಿನ್ ನಿಲ್ಲುವ ಮುಂಚೆ ಆರ್‌ಪಿಎಂ ಸಣ್ಣಗೆ ಏರಿ ಆಮೇಲೆ ನಿಲ್ಲಬೇಕು. ತುಂಬಾ ಏರಿದರೆ ಐಡಲ್ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ. ಏರದೇ ನಿಂತರೆ ಕಡಿಮೆ. ಎಳೆದರೂ ನಿಲ್ಲದೆ ಓಡುತ್ತಿದ್ದರೆ ಮಿಕ್ಸ್ಚರ್ ಕೇಬಲ್ ಕೊನೆಯವರೆಗೆ ತಲುಪುತ್ತಿಲ್ಲ. ಮತ್ತೆ 30 ಸೆಕೆಂಡ್ ಬಿಟ್ಟು ರೋಟರ್ ಬ್ರೇಕ್. ಬೇಗ ನಿಲ್ಲಲಿ ಅಂತ ಕಲೆಕ್ಟಿವ್ ಎತ್ತುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ನಿಧಾನವಾದ ಬ್ಲೇಡ್ ಬಾಗಿ ಟೇಲ್‌ಕೋನ್‌ಗೆ (ಬಾಲದ ಉದ್ದ ಕೊಳವೆಗೆ) ಬಡಿಯಬಹುದು.

ಈಗ ಟಾರ್ಚ್ ತಗೊಂಡು ಹಿಂದಿನ ತಪಾಸಣೆಯ ಬಾಗಿಲುಗಳನ್ನು ತೆರೆಯಿರಿ. ಕ್ಲಚ್ ಮೋಟರಿನ ಬೇರಿಂಗ್, ಗೇರ್‌ಬಾಕ್ಸ್, ಹೈಡ್ರಾಲಿಕ್ ಪಂಪ್ ಮೇಲೆ ಬೆರಳಗಲದ ತಾಪ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಒಂದೊಂದು ಚೌಕಕ್ಕೆ ಒಂದೊಂದು ತಾಪ. ಆ ತಾಪ ಮುಟ್ಟಿದರೆ ಚೌಕ ಕಪ್ಪಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಬಿಸಿಲಿನ ದಿನ, ಪೂರ್ತಿ ಹೊರೆ ಹೊತ್ತು ಹಾರಿ ಬಂದ ಮೇಲೆ ಕಪ್ಪಾದ ಕೊನೆಯ ಚೌಕಕ್ಕೂ ಅದರ ಮುಂದಿನ ಬಿಳಿ ಚೌಕಕ್ಕೂ ನಡುವೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಮುಂದೆ ಯಾವತ್ತಾದರೂ ಗೆರೆ ದಾಟಿ ಇನ್ನೊಂದು ಚೌಕ ಕಪ್ಪಾಗಿದ್ದರೆ ಆ ಭಾಗ ಎಂದಿಗಿಂತ ಜಾಸ್ತಿ ಕಾದಿದೆ. ಎಂಜಿನಿಯರ್ ಬಿಚ್ಚಿ ನೋಡುವವರೆಗೆ ಮತ್ತೆ ಹಾರಿಸಬೇಡಿ. ಹೊಸ ಪಟ್ಟಿ ಅಂಟಿಸಿದ ದಿನ ಗೆರೆಯನ್ನೂ ಹೊಸದಾಗಿ ಗುರುತಿಸಬೇಕು, ಹಳೆಯ ಪಟ್ಟಿಯ ಅಳತೆ ಇದಕ್ಕೆ ಹೊಂದುವುದಿಲ್ಲ.